ಮಳೆಗಾಲದ ತರಗತಿ ಉಳಿಸಿಕೊಂಡ ಬಗೆ

ನಮ್ಮ ಕಲಾ ಸಂಘದ ಕಟ್ಟಡ ನಿಂತಿರುವ ಜಾಗ ಸಂಘದ ಹೆಸರಿನಲ್ಲಿಲ್ಲ ಎನ್ನುವುದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರಿಂದ ತೊಂದರೆ ಬಂದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ. ಸಂಘ ಕಟ್ಟಿದವರಲ್ಲಿ ಒಬ್ಬರು ತಮ್ಮ ಅಡಿಕೆ ತೋಟದ ಮೇಲಿನ ಬದಿಯಲ್ಲಿ, ರಸ್ತೆಗೆ ತಾಗಿದಂತೆ ಹತ್ತು ಸೆಂಟ್ಸ್ ಜಾಗ ತೋರಿಸಿ ಇಲ್ಲಿ ಕಟ್ಟಿ ಎಂದಿದ್ದರಂತೆ. ಮಾತಿನಲ್ಲೇ ಮುಗಿದ ವ್ಯವಹಾರ. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಪಾಲಿನ ಮಾತು ಬಂತು. ಮಕ್ಕಳಲ್ಲಿ ಒಬ್ಬರು ಮಂಗಳೂರಿನಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ತೋಟ ನೋಡಿಕೊಂಡು ಇಲ್ಲೇ. ಜಾಗ ಈಗಲೂ ಅವರ ತಾಯಿಯ ಹೆಸರಿನಲ್ಲಿತ್ತು. ಸಂಘದ ಕಾರ್ಯದರ್ಶಿ ಕೆಲಸವನ್ನು ನಾನು ವಹಿಸಿಕೊಂಡದ್ದು ಇದೇ ಹೊತ್ತಿಗೆ.

ನಮ್ಮೂರು ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿದೆ. ಇದೇ ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಅಡ್ಕಸ್ಥಳದಲ್ಲಿ ಕೇರಳ ಮುಗಿದು ಕರ್ನಾಟಕ ತೊಡಗುತ್ತದೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ ಮೇಲೆ ಈ ಭಾಗದಲ್ಲಿ ಹುಟ್ಟಿಕೊಂಡ ಅನೇಕ ಸಂಘಗಳ ಹಾಗೆ ನಮ್ಮದೂ ಒಂದು. ಒಂದು ಉದ್ದನೆಯ ಹಜಾರ, ಅದರ ತುದಿಯಲ್ಲಿ ಮೊಣಕಾಲೆತ್ತರದ ವೇದಿಕೆ, ಪಕ್ಕದಲ್ಲಿ ಎರಡು ಕಪಾಟುಗಳ ಒಂದು ಓದುವ ಕೋಣೆ, ಮೇಲೆ ಮಂಗಳೂರು ಹಂಚಿನ ಮಾಡು. ಇಲ್ಲಿ ವೇಷವಿಲ್ಲದೆ ಕುಳಿತು ಮಾತಿನಲ್ಲಿ ನಡೆಸುವ ತಾಳಮದ್ದಳೆ ನಡೆಯುತ್ತದೆ, ಶನಿವಾರ ಭಜನೆ ಇರುತ್ತದೆ, ವರ್ಷಕ್ಕೊಂದು ನಾಟಕವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ಯಕ್ಷಗಾನ ತರಗತಿ.

ಈ ತರಗತಿಯ ಕಾಲವೇ ನಮ್ಮ ಎಲ್ಲ ಕಷ್ಟದ ಬೇರು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮೇಳಗಳು ಮೇ ಕೊನೆಯ ಹೊತ್ತಿಗೆ, ತುಳುವರ ಬೇಶ ತಿಂಗಳ ಹತ್ತನೇ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ಆಚೀಚೆ. ಮೇಳದ ಕಲಾವಿದರು ಊರಿನಲ್ಲಿ ಸಿಗುವುದು ಆ ಮಳೆಗಾಲದ ತಿಂಗಳುಗಳಲ್ಲಿ ಮಾತ್ರ. ಹಾಗಾಗಿ ಚೆಂಡೆ, ಮದ್ದಳೆ, ಪದ್ಯ ಹಾಡುವ ಭಾಗವತಿಕೆ, ನಾಟ್ಯ ಎಲ್ಲವನ್ನೂ ಮಕ್ಕಳು ಕಲಿಯಬೇಕಾದದ್ದು ಆಗಲೇ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಹಳೆಯ ಹಂಚಿನ ಕಟ್ಟಡವೊಂದು ಅತ್ಯಂತ ನಿರುಪಯುಕ್ತವಾಗುವುದೂ ಅದೇ ತಿಂಗಳುಗಳಲ್ಲಿ. ಹಂಚು ಹೊರುವ ಮರದ ರೀಪುಗಳು ಒರಲೆ ಹಿಡಿದು ತುಂಡಾಗಿ ಹಂಚು ಜಾರಿತ್ತು. ವೇದಿಕೆಯ ಎಡಭಾಗದಲ್ಲಿ ಒಂದು ಅಡುಗೆ ಚರಿಗೆ, ಬಲಕ್ಕೆ ಪೈಂಟಿನ ಎರಡು ಡಬ್ಬ ಇಟ್ಟು ಮಧ್ಯೆ ಮಕ್ಕಳನ್ನು ಕೂರಿಸುತ್ತಿದ್ದೆವು. ಗುರುಗಳು ಚೆಂಡೆಯನ್ನು ಇಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ತಂಡಿಗೆ ಚರ್ಮ ಸಡಿಲಾಗುತ್ತದೆ, ಚೆಂಡೆಯ ಒಡಲಾದ ಹಲಸಿನ ಕಳಸಿಗೆಯೂ ನೀರು ಕುಡಿದು ಹಾಳಾಗುತ್ತದೆ ಎಂದು ಪ್ರತಿ ಸಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು.

ಮಾಡು ದುರಸ್ತಿಗೆ ಅನುದಾನ ಕೇಳೋಣ ಎಂದು ಹೊರಟಾಗಲೇ ಒಂದರ ಹಿಂದೆ ಒಂದು ಗಂಟು ಕಾಣತೊಡಗಿತು. ಅನುದಾನಕ್ಕೆ ಜಾಗದ ದಾಖಲೆ ಬೇಕು. ಜಾಗ ಸಂಘದ ಹೆಸರಿಗೆ ಬರಬೇಕಾದರೆ ಸಂಘದ ನೋಂದಣಿ ಸರಿಯಾಗಿರಬೇಕು. ನೋಂದಣಿಯೇನೋ ಇತ್ತು, ಹಳೆಯ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಯಲ್ಲಿ ತೂಗುಹಾಕಿದ್ದರು. ಆದರೆ ವರ್ಷಂಪ್ರತಿ ಕೊಡಬೇಕಾದ ಆಡಳಿತ ಸಮಿತಿಯ ಪಟ್ಟಿಯನ್ನು ಬಹಳ ವರ್ಷಗಳಿಂದ ಸಲ್ಲಿಸಿರಲಿಲ್ಲ. ಬ್ಯಾಂಕಿನವರು ಸಂಘದ ಖಾತೆಯನ್ನು ತಡೆಹಿಡಿದದ್ದೂ ಅದೇ ಕಾರಣಕ್ಕೆ. ಖಾತೆಗೆ ಸಹಿ ಹಾಕುವ ಮೂವರಲ್ಲಿ ಇಬ್ಬರು ತೀರಿಹೋಗಿದ್ದರು.

ಇಂಥ ಸಂಘ ನಡೆಸುವ ಬೇರೆಯವರಿಗೆ ಉಪಯೋಗವಾದೀತು ಎಂದು ಈ ಭಾಗವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಾಸರಗೋಡು ಸೇರಿದಂತೆ ಮಲಬಾರು ಭಾಗದ ಸಂಘಗಳಿಗೆ ಅನ್ವಯವಾಗುವುದು 1860ರ ಸೊಸೈಟಿ ನೋಂದಣಿ ಕಾಯಿದೆ. ತಿರುವಾಂಕೂರು-ಕೊಚ್ಚಿ ಭಾಗಕ್ಕೆ 1955ರ ಬೇರೆ ಕಾಯಿದೆ ಇದೆ; ಆ ಕಡೆಯ ನಮೂನೆಗಳನ್ನು ನೋಡಿ ಇಲ್ಲಿಯದನ್ನು ತುಂಬಬಾರದು. 1860ರ ಕಾಯಿದೆಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆ ಮೇಲೆ ಪ್ರತಿ ವರ್ಷ ಮಹಾಸಭೆ ನಡೆದ ಹದಿನಾಲ್ಕು ದಿನಗಳೊಳಗೆ ಸಮಿತಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ಮಹಾಸಭೆಯ ನಿಯಮವೇ ಇಲ್ಲದಿದ್ದರೆ ಜನವರಿಯಲ್ಲಿ ಕೊಡಬೇಕು. ಒಂದೇ ಹಾಳೆಯ ಕೆಲಸ. ಅದನ್ನು ಬಿಟ್ಟುಬಿಟ್ಟರೆ ಮುಂದಿನವರಿಗೆ ಬೆಟ್ಟದಷ್ಟು ಕೆಲಸ ಉಳಿಯುತ್ತದೆ.

ಬಾಕಿ ಇದ್ದ ಪ್ರತಿ ವರ್ಷದ ಪಟ್ಟಿಯೂ ಬೇಕೆಂದರು. ಹಳೆಯ ನಿರ್ಣಯ ಪುಸ್ತಕಗಳನ್ನು ಓದುವ ಕೋಣೆಯ ಕಪಾಟಿನಿಂದ ತೆಗೆದೆವು. ಅಂಚುಗಳನ್ನು ಹುಳ ತಿಂದಿತ್ತು, ಅಕ್ಷರ ಮಾತ್ರ ಗಟ್ಟಿಯಾಗಿ ನಿಂತಿತ್ತು. ಮೊದಮೊದಲ ಪುಟಗಳಲ್ಲಿ ನಿರ್ಣಯದ ಜೊತೆಗೇ ಲೆಕ್ಕವೂ ಇದೆ: ಗ್ಯಾಸ್‌ಲೈಟಿನ ಬಾಡಿಗೆ, ಚೆಂಡೆಗೆ ಚರ್ಮ ಹಾಕಿಸಿದ್ದು, ಅವಲಕ್ಕಿ ಬೆಲ್ಲ, ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಗಳಿಗೆ ದಾರಿ ಖರ್ಚು. ಒಂದು ಪುಟದಲ್ಲಿ ಯಾರೋ ಒಬ್ಬರು ತಮ್ಮ ಮಗಳ ಮದುವೆಗೆ ಸಂಘದ ಚಾಪೆಗಳನ್ನು ಒಯ್ದು ಮರಳಿಸಿದ್ದಕ್ಕೂ ಸಹಿ ಇದೆ. ಅಷ್ಟು ನಿಷ್ಠೆಯಿಂದ ನಡೆದ ಲೆಕ್ಕ ಯಾವುದೋ ಒಂದು ವರ್ಷ ತೆಳ್ಳಗಾಗಿ, ಇನ್ನೊಂದು ವರ್ಷ ನಿಂತೇಹೋಗಿತ್ತು. ಅದನ್ನು ನೋಡುವಾಗ ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಬರೆಯುತ್ತಿದ್ದವರಿಗೆ ವಯಸ್ಸಾಗಿತ್ತು, ಬರೆಯಬೇಕಾಗಿದ್ದವರು ಕೆಲಸ ಹುಡುಕಿಕೊಂಡು ಹೊರಗೆ ಹೋಗಿದ್ದರು.

ಸಭೆ ನಡೆಯದ ವರ್ಷಗಳಿಗೂ ಸಭೆ ನಡೆದಂತೆ ಬರೆದುಬಿಡಿ, ಎಲ್ಲ ಕಡೆ ಹಾಗೆಯೇ ಮಾಡುತ್ತಾರೆ ಎಂದು ಹಿತೈಷಿಗಳೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಚಾಪೆಗೂ ಲೆಕ್ಕ ಇಟ್ಟವರ ಪುಸ್ತಕದಲ್ಲಿ ಸುಳ್ಳು ಬರೆಯಲು ನನ್ನಿಂದ ಆಗುತ್ತಿರಲಿಲ್ಲ. ವಿಶೇಷ ಮಹಾಸಭೆ ಕರೆದು, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಸಭೆ ನಡೆದಿಲ್ಲ, ಹಿಂದಿನ ಸಮಿತಿಯೇ ಮುಂದುವರಿದಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ನಿರ್ಣಯ ಮಾಡಿದೆವು. ಆ ನಿರ್ಣಯದ ಪ್ರತಿ ಮತ್ತು ಪಟ್ಟಿಗಳನ್ನು ಕೊಟ್ಟು, ತಡವಾದದ್ದಕ್ಕೆ ದಂಡ ಕಟ್ಟಿದೆವು. ಅದು ನಡೆಯಿತು.

ಭಾಷೆಯ ಮಾತೂ ಬಂತು. ನಮ್ಮ ನಿಯಮಾವಳಿ, ನಿರ್ಣಯ, ಅರ್ಜಿ ಎಲ್ಲವೂ ಕನ್ನಡದಲ್ಲೇ ಇದ್ದವು. ಒಂದು ಕಚೇರಿಯಲ್ಲಿ ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳು ಮತ್ತು ಕನ್ನಡ ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದು, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆ ಸ್ಥಳೀಯ ಕಚೇರಿಗಳಲ್ಲೂ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಆ ಪುಟದ ಪ್ರತಿಯನ್ನು ಅರ್ಜಿಯ ಹಿಂದೆ ಇಟ್ಟು ಮತ್ತೆ ಕೊಟ್ಟೆ. ಎದುರು ಕುಳಿತ ಗುಮಾಸ್ತೆ ಅದನ್ನು ಪೂರ್ತಿ ಓದಿ, "ಆಯಿತು ಟೀಚರ್, ನಿಲ್ಲಿ, ಕನ್ನಡ ಗೊತ್ತಿರುವವರನ್ನು ಕರೆಯುತ್ತೇನೆ" ಎಂದರು. ಜಗಳವಾಡುವ ಅಗತ್ಯ ಬರಲಿಲ್ಲ. ಇಲ್ಲಿಯ ಕನ್ನಡಿಗರು ಈ ಒಂದು ಪುಟವನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮಗೆ ಹಕ್ಕು ಇದೆ. ಅದನ್ನು ನಾವು ಬಳಸುವುದು ಕಡಿಮೆ.

ಇನ್ನು ಜಾಗ. ಜಾಗ ತೋರಿಸಿದವರ ಹೆಂಡತಿ, ನಮಗೆಲ್ಲ ಅಜ್ಜಿ; ಅವರ ಮನೆಗೆ ಹೋಗಿ ಕುಳಿತಾಗ ಅವರು ಮೊದಲು ಕೇಳಿದ್ದು, "ತರಗತಿಗೆ ಈಗ ಎಷ್ಟು ಮಕ್ಕಳು ಬರುತ್ತಾರೆ?" ಎಂದು. ಹೇಳಿದೆ. "ಇವರ ಮಾತು ನಡೆಯಬೇಕು, ನನಗೆ ಬೇರೆ ಏನೂ ಇಲ್ಲ" ಎಂದು ಗೋಡೆಯ ಮೇಲಿದ್ದ ಗಂಡನ ಪಟವನ್ನು ತೋರಿಸಿದರು. ಅಜ್ಜಿಯ ಮಕ್ಕಳಲ್ಲಿ ಒಬ್ಬರಿಗೆ ಸ್ವಲ್ಪ ಅನುಮಾನವಿತ್ತು. ರಸ್ತೆ ಬದಿಯ ಜಾಗ, ಅಂಗಡಿ ಕೋಣೆ ಕಟ್ಟಿದರೆ ಬಾಡಿಗೆ ಬರುವಂಥದ್ದು. ನಾಳೆ ಸಂಘ ಮುಚ್ಚಿಹೋಗಿ ಯಾರೋ ಅದನ್ನು ಮಾರಿಕೊಂಡರೆ ಏನು ಗತಿ ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕಲೆ ಮತ್ತು ಓದಿನ ಕೆಲಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಈ ಜಾಗವನ್ನು ಬಳಸಬಾರದು, ಮಾರಬಾರದು ಎಂಬ ಮಾತನ್ನು ದಾನಪತ್ರದಲ್ಲೂ ಸಂಘದ ನಿಯಮಾವಳಿಯಲ್ಲೂ ಬರೆಸಿದ ಮೇಲೆ ಅವರು ಸಮಾಧಾನಪಟ್ಟರು.

ದಾನ ಎಂದರೆ ಖರ್ಚಿಲ್ಲದ ಕೆಲಸ ಎಂದು ನಮ್ಮ ಸಮಿತಿಯಲ್ಲಿ ಅನೇಕರು ತಿಳಿದಿದ್ದರು. ಕೇರಳದಲ್ಲಿ ಕುಟುಂಬದ ಒಳಗೆ ದಾನ ಕೊಟ್ಟರೆ ಶುಲ್ಕ ತೀರಾ ಕಡಿಮೆ. ಕುಟುಂಬದ ಹೊರಗಿನವರಿಗೆ, ಸಂಘಕ್ಕೆ ಕೊಟ್ಟರೆ ಕ್ರಯದ ಹಾಗೆಯೇ ನೂರಕ್ಕೆ 8 ಮುದ್ರಾಂಕ ಶುಲ್ಕ, ನೂರಕ್ಕೆ 2 ನೋಂದಣಿ ಶುಲ್ಕ. ಅದೂ ಸರಕಾರ ಆ ಸರ್ವೆ ನಂಬರಿಗೆ ನಿಗದಿ ಮಾಡಿದ ನ್ಯಾಯಬೆಲೆಯ ಮೇಲೆ. ರಸ್ತೆ ಬದಿಯ ಜಾಗಕ್ಕೆ ಆ ಬೆಲೆ ಹೆಚ್ಚೇ ಇರುತ್ತದೆ. ಪುಕ್ಕಟೆ ಸಿಕ್ಕ ಜಾಗಕ್ಕಾಗಿ ಅದರ ಬೆಲೆಯ ಹತ್ತನೇ ಒಂದು ಪಾಲನ್ನು ನಾವು ಹೊಂದಿಸಬೇಕಾಯಿತು. ಮಾಡಿಗೆಂದು ಕೂಡಿಟ್ಟ ಹಣ ಅಲ್ಲಿಗೆ ಹೋಯಿತು. ಆ ಮೇಲೆ ಋಣಭಾರ ಪತ್ರ, ಗ್ರಾಮ ಕಚೇರಿಯಲ್ಲಿ ಪೋಕುವರವು ಎಂಬ ಖಾತೆ ಬದಲಾವಣೆ, ಸಂಘದ ಹೆಸರಿನಲ್ಲಿ ತೀರ್ವೆ, ಅಂದರೆ ಭೂಕಂದಾಯ. ಅರ್ಜಿಗಳನ್ನು ಹಾಕಲು ಸರಕಾರದ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದ ಹುಡುಗಿ ತುಂಬ ನೆರವಾದಳು. ಸಂಘದ ಹೆಸರಿನ ಮೊದಲ ತೀರ್ವೆ ರಶೀದಿ ಬಂದ ದಿನ ಅಧ್ಯಕ್ಷರು ಅದನ್ನು ಒಯ್ದು ಅಜ್ಜಿಗೆ ತೋರಿಸಿ ಬಂದರು.

ಕಾಗದಗಳೆಲ್ಲ ಒಂದು ಕಡತಕ್ಕೆ ಬಂದ ಮೇಲೆ ಅನುದಾನದ ಬಾಗಿಲುಗಳನ್ನು ತಟ್ಟತೊಡಗಿದೆವು. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಗಡಿಭಾಗದ ಕನ್ನಡ ಸಂಸ್ಥೆಗಳಿಗೂ ನೆರವು ಕೊಡುತ್ತದೆ. ಅಲ್ಲಿಗೆ ಕಟ್ಟಡದ ಅಂದಾಜುಪಟ್ಟಿಯೊಂದಿಗೆ ಅರ್ಜಿ ಹಾಕಿದ್ದೇವೆ, ಅದು ಪರಿಶೀಲನೆಯಲ್ಲಿದೆ. ಕೇಂದ್ರ ಸರಕಾರದ ನೆರವು ಬೇಕಾದರೆ ಮೊದಲು ನೀತಿ ಆಯೋಗದ ದರ್ಪಣ ಪೋರ್ಟಲಿನಲ್ಲಿ ಸಂಘವನ್ನು ದಾಖಲಿಸಿ ಸಂಖ್ಯೆ ಪಡೆಯಬೇಕು, ಅದನ್ನೂ ಮಾಡಿದೆವು. ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆಯ ಯೋಜನೆಯಲ್ಲಿ ಗುರುವಿಗೂ ಕಲಾವಿದರಿಗೂ ತಿಂಗಳ ನೆರವು ಇದೆ. ಆದರೆ ಅದು ಪ್ರದರ್ಶನ ಕೊಡುತ್ತ ಬಂದಿರುವ ತಂಡಗಳಿಗೆ. ನಮ್ಮ ಹಾಗೆ ಮಳೆಗಾಲದಲ್ಲಿ ಮಕ್ಕಳಿಗೆ ಮೊದಲ ಹೆಜ್ಜೆ ಕಲಿಸುವವರು ಅದರೊಳಗೆ ಕೂಡುವುದು ಕಷ್ಟ.

ಈ ಓಡಾಟದಲ್ಲಿ ನನಗೆ ಮನದಟ್ಟಾದ ಒಂದು ಸಂಗತಿಯನ್ನು ಹೇಳಲೇಬೇಕು. ಗೋಡೆಗೆ, ಮಾಡಿಗೆ, ವೇದಿಕೆಗೆ, ಕಾರ್ಯಕ್ರಮಕ್ಕೆ ಹಣ ಕೇಳಲು ನಮೂನೆಗಳಿವೆ. ಸಂಜೆ ಬೀಗ ತೆಗೆಯುವವರಿಗೆ, ವಿದ್ಯುತ್ ಬಿಲ್ಲಿಗೆ, ಗುರುಗಳ ಸಂಭಾವನೆಗೆ ಹಣ ಕೇಳಲು ನಮಗೆ ಒಗ್ಗುವ ನಮೂನೆ ಸಿಗಲಿಲ್ಲ. ಈ ಭಾಗದಲ್ಲಿ ಚೆನ್ನಾಗಿ ಕಟ್ಟಿದ ಮೇಲೂ ಬೀಗ ಹಾಕಿಕೊಂಡಿರುವ ಸಭಾಭವನಗಳನ್ನು ಕಂಡಿದ್ದೇನೆ. ನೆಲಕ್ಕೆ ಟೈಲ್ಸ್ ಇದೆ, ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲು ಇದೆ, ಒಳಗೆ ಯಾರೂ ಇಲ್ಲ. ಸಮಿತಿಯಲ್ಲಿ ಕೆಲವರು ನಮ್ಮ ಕಟ್ಟಡವನ್ನೂ ಮದುವೆ ಹಾಲ್ ಮಾಡೋಣ ಎಂದರು. ಹಣ ಬರುತ್ತಿತ್ತು, ನಿಜ. ಆದರೆ ಬಾಡಿಗೆಯ ಸಭಾಂಗಣವೆಂದಾದರೆ ಕೇರಳದ 1963ರ ಸಾರ್ವಜನಿಕ ವಿಹಾರ ಸ್ಥಳಗಳ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಅಗ್ನಿ ಸುರಕ್ಷೆ ಎಲ್ಲ ಹೊಸದಾಗಿ ಆಗಬೇಕು. ಅದಕ್ಕಿಂತ ಹೆಚ್ಚಾಗಿ, ಮದುವೆಯ ಮುಹೂರ್ತವಿದ್ದ ಭಾನುವಾರ ಮಕ್ಕಳ ತರಗತಿ ಇರುವುದಿಲ್ಲ. ಆ ಸಲಹೆಯನ್ನು ನಾನು ಸಭೆಯಲ್ಲಿ ಎದ್ದುನಿಂತು ವಿರೋಧಿಸಿದೆ. ಅಜ್ಜಿಗೆ ಬರೆದುಕೊಟ್ಟ ಮಾತಿಗೂ ಅದು ವಿರುದ್ಧವಾಗಿತ್ತು.

ಬೀಗ ತೆಗೆಯುವವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಓದುವ ಕೋಣೆಯಿಂದ. ಕೇರಳದ ಗ್ರಂಥಶಾಲಾ ಚಳವಳಿಯ ಬಲವನ್ನು ನಾವು ಕನ್ನಡಿಗರು ಇನ್ನಷ್ಟು ಬಳಸಿಕೊಳ್ಳಬೇಕು. ಪಿ.ಎನ್. ಪಣಿಕ್ಕರ್ 1945ರಲ್ಲಿ ಅಂಬಲಪುಳದಲ್ಲಿ ಊರೂರಿನ ವಾಚನಾಲಯಗಳನ್ನು ಸೇರಿಸಿ ಕಟ್ಟಿದ ಸಂಘವೇ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. 1989ರ ಕಾಯಿದೆಯಿಂದ ಲೈಬ್ರರಿ ಕೌನ್ಸಿಲ್ ಆಯಿತು. ಸ್ಥಳೀಯ ಸಂಸ್ಥೆಗಳು ಕಟ್ಟಡ ತೆರಿಗೆಯೊಂದಿಗೆ ನೂರಕ್ಕೆ 5ರಂತೆ ಗ್ರಂಥಾಲಯ ಸೆಸ್ ವಸೂಲು ಮಾಡುತ್ತವೆ. ಅಂದರೆ ನಾವೂ ಕಟ್ಟುತ್ತ ಬಂದಿರುವ ಹಣ ಅದು. ಮಾನ್ಯತೆ ಪಡೆದ ಗ್ರಂಥಾಲಯಕ್ಕೆ ಅದರ ಶ್ರೇಣಿ ನೋಡಿ ವಾರ್ಷಿಕ ಗ್ರಾಂಟ್ ಸಿಗುತ್ತದೆ, ಗ್ರಂಥಪಾಲಕರಿಗೆ ತಿಂಗಳ ಭತ್ಯೆಯೂ ಇದೆ. ಭತ್ಯೆ ದೊಡ್ಡದಲ್ಲ. ಆದರೆ ನಾವು ಹುಡುಕಿದ ಎಲ್ಲ ಕಡೆಗಳಲ್ಲಿ, ಒಬ್ಬ ಮನುಷ್ಯರು ಪ್ರತಿದಿನ ಬಂದು ಬಾಗಿಲು ತೆರೆಯುವುದಕ್ಕಾಗಿಯೇ ಹಣ ಕೊಡುವುದು ನಮಗೆ ಕಂಡದ್ದು ಇಲ್ಲಿ ಮಾತ್ರ.

ಕಪಾಟುಗಳನ್ನು ಖಾಲಿ ಮಾಡಿ, ಹುಳ ಹಿಡಿದವನ್ನು ಬೇರ್ಪಡಿಸಿ, ಉಳಿದ ಪುಸ್ತಕಗಳಿಗೆ ನಂಬರು ಹಾಕಿದೆವು. ಮನೆಮನೆಯಿಂದ ಪುಸ್ತಕ ಕೇಳಿ ತಂದೆವು. ತಾಲೂಕು ಲೈಬ್ರರಿ ಕೌನ್ಸಿಲಿನವರು ಬಂದು ದಾಸ್ತಾನು ಪುಸ್ತಕ, ಸದಸ್ಯರ ಪುಸ್ತಕ, ಪುಸ್ತಕ ಕೊಟ್ಟು ತೆಗೆದುಕೊಂಡ ಪುಸ್ತಕ ಎಲ್ಲವನ್ನೂ ಪರಿಶೀಲಿಸಿದರು. ಬಂದವರು ಮಲಯಾಳಿಗಳು. ಕನ್ನಡ ಓದಲು ಬಾರದಿದ್ದರೂ ಪ್ರತಿ ಕಪಾಟಿನ ಮುಂದೆ ನಿಂತು ಇದು ಕಥೆಯೇ, ಇದು ಪ್ರಸಂಗವೇ ಎಂದು ಕೇಳಿ ತಿಳಿದುಕೊಂಡರು. ಮಾನ್ಯತೆ ಬಂತು. ನೆರೆಮನೆಯ ಸೊಸೆ ಈಗ ಗ್ರಂಥಪಾಲಕಿ. ಸಂಜೆ ಅವಳು ಬಾಗಿಲು ತೆರೆದರೆ ಹಜಾರದ ದೀಪವೂ ಉರಿಯುತ್ತದೆ. ಪತ್ರಿಕೆ ಓದಲು ಬಂದವರು ವೇದಿಕೆಯ ಬದಿಯಲ್ಲಿ ಕುಳಿತು ಮಕ್ಕಳ ಹೆಜ್ಜೆ ನೋಡುತ್ತಾರೆ. ಜನ ಇದ್ದಾರೆ ಎಂದಾದ ಮೇಲೆ ಜನ ಬರುತ್ತಾರೆ.

ಮಾಡನ್ನು ಕೊನೆಗೆ ನಾವೇ ಸರಿಮಾಡಿದೆವು. ಅನುದಾನಕ್ಕೆ ಕಾದರೆ ಇನ್ನೊಂದು ಮಳೆಗಾಲ ಕೈತಪ್ಪುತ್ತಿತ್ತು. ಅಡಿಕೆ ಕೊಯ್ಲು ಮುಗಿದ ಮೇಲೆ ತೋಟ ಇರುವ ಮನೆಗಳಿಂದ ತಲಾ ಇಷ್ಟು ಎಂದು ಒಣಗಿಸಿದ ಚಾಲಿ ಅಡಿಕೆ ಸಂಗ್ರಹಿಸಿ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋಗೆ ಹಾಕಿದೆವು. ತೋಟ ಇಲ್ಲದವರು ಕೆಲಸಕ್ಕೆ ಬಂದರು, ಕೊಲ್ಲಿಯಲ್ಲಿರುವ ಹುಡುಗರು ಹಣ ಕಳುಹಿಸಿದರು. ಹಂಚು ಇಳಿಸಿ, ಮಾಡಿನ ಮರದ ಪಕ್ಕಾಸುಗಳಲ್ಲಿ ಗಟ್ಟಿ ಇದ್ದವನ್ನು ಉಳಿಸಿಕೊಂಡು, ರೀಪುಗಳನ್ನು ಹೊಸದಾಗಿ ಹೊಡೆಸಿದೆವು. ಹಳೆಯ ಹಂಚುಗಳನ್ನು ಒಂದೊಂದಾಗಿ ಬೆರಳ ಗಂಟಿನಿಂದ ತಟ್ಟಿ ನೋಡಿ, ಒಡಕು ದನಿ ಬಂದದ್ದನ್ನು ಬದಿಗಿಡುತ್ತಿದ್ದ ಮೇಸ್ತ್ರಿ ನಮ್ಮ ಗುರುಗಳ ಹಳೆಯ ಶಿಷ್ಯ.

ಈಗ ತರಗತಿಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಅರ್ಧಕ್ಕಿಂತ ಕಡಿಮೆ. ತುಳು, ಮಲಯಾಳ, ಮರಾಟಿ, ಕೊಂಕಣಿ ಎಲ್ಲವೂ ಇವೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆಯಾಗಿರುವುದರಿಂದ ಕೆಲವು ಹೆತ್ತವರು ಅದಕ್ಕಾಗಿಯೇ ಕಳುಹಿಸುತ್ತಾರೆ. ಬಹುಮಾನಕ್ಕೆ ಬಂದ ಮಕ್ಕಳು ಬಹುಮಾನ ಮುಗಿದ ಮೇಲೆ ನಿಲ್ಲುವುದಿಲ್ಲ ಎಂದು ಹಿರಿಯರು ಬೇಸರ ಪಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಏಳನೇ ತರಗತಿಯ ಒಬ್ಬ ಹುಡುಗಿ ಕನ್ನಡ ಓದಲು ಬಾರದೆ ಪದ್ಯಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಿದ್ದಳು. ಗುರುಗಳು ತ್ರಿವುಡೆ ತಾಳವನ್ನು ಬೆಂಚಿನ ಮೇಲೆ ಕೈಯಲ್ಲಿ ತಟ್ಟಿ, ತಕಿಟ ತಕಧಿಮಿ ಎಂದು ಹೇಳಿಸುತ್ತ, ದೀರ್ಘಾಕ್ಷರವನ್ನು ಅವಳು ಮೊಟಕು ಮಾಡಿದಾಗಲೆಲ್ಲ ನಿಲ್ಲಿಸಿ, "ಎಳೆಯಬೇಕು ಮಗಳೇ, ತಾಳ ನಿನಗಾಗಿ ಕಾಯುತ್ತದೆ" ಎನ್ನುತ್ತಿದ್ದರು. ಈ ವರ್ಷ ಅವಳು ಓದುವ ಕೋಣೆಯಲ್ಲಿ ಕುಳಿತು ಗ್ರಂಥಪಾಲಕಿಯ ಹತ್ತಿರ ಅಕ್ಷರ ಕಲಿಯುತ್ತಿದ್ದಾಳೆ. ಕಲಿಯಲೇಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗುರುಗಳ ಸಂಭಾವನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಐದು ಮನೆಗಳು ತಿಂಗಳಿಗೊಂದು ಮನೆಯಂತೆ ವಹಿಸಿಕೊಂಡಿವೆ. ಗುರುಗಳು ಕೇಳುವವರಲ್ಲ, ಆದುದರಿಂದಲೇ ಅದು ತಪ್ಪಬಾರದು. ಅಡಿಕೆ ಸಂಗ್ರಹವನ್ನು ವರ್ಷಂಪ್ರತಿ ನಡೆಸಿ, ಆ ಹಣವನ್ನು ಕಟ್ಟಡಕ್ಕೆ ಮುಟ್ಟಿಸದೆ ಗುರುಗಳ ಹೆಸರಿನಲ್ಲೇ ಬೇರೆ ಖಾತೆಯಲ್ಲಿ ಇಡಬೇಕು ಎಂಬ ಪ್ರಸ್ತಾಪವನ್ನು ಈ ಬಾರಿಯ ಮಹಾಸಭೆಗೆ ತಂದಿದ್ದೇನೆ. ಸಭೆ ಬರುವ ಭಾನುವಾರ, ತರಗತಿ ಬಿಟ್ಟ ಮೇಲೆ. ಸಮಿತಿಯ ಪಟ್ಟಿಯನ್ನು ಅದರ ಮರುದಿನವೇ ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ಬರುತ್ತೇನೆ.